ಓದುಗರ ಪ್ರಶ್ನೆ, ನಮ್ಮ ಉತ್ತರ: ಒಬ್ಬ ಮೆನ್ನೊನೈಟ್ ಅಜ್ಜಿಯನ್ನು ನೆನೆಯುವ ಬಗೆ

ಕೆನಡಾದ ವಿನ್ನಿಪೆಗ್ ನಗರದಲ್ಲಿರುವ ಓದುಗರೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಅಚ್ಚುಮಾಡಿ, ಉತ್ತರವನ್ನು ಈ ಸಂಚಿಕೆಗೆ ಇರಿಸಿಕೊಂಡಿದ್ದೆವು. ಆ ಪತ್ರವನ್ನು ಓದಿದ ಇನ್ನಿಬ್ಬರು ಅದೇ ವಿಷಯವಾಗಿ ಬರೆದಿದ್ದಾರೆ. ಮೂರಕ್ಕೂ ಇಲ್ಲಿಯೇ ಉತ್ತರ ಕೊಡಲಾಗಿದೆ.

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆ ಕಡೆಯವಳು, ಮದುವೆಯಾದ ಮೇಲೆ ಇಲ್ಲಿ ನೆಲೆಸಿದ್ದೇನೆ. ನಮ್ಮ ಪಕ್ಕದ ಮನೆಯ ಅಜ್ಜಿ ಇತ್ತೀಚೆಗೆ ತೀರಿಕೊಂಡರು. ತೊಂಬತ್ತು ದಾಟಿತ್ತು. ಅವರು ಮೆನ್ನೊನೈಟ್ ಪಂಥದ ಕ್ರೈಸ್ತರು. ನನಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಇದ್ದಾಗಲೆಲ್ಲ ನನ್ನ ಮಕ್ಕಳನ್ನು ತಮ್ಮ ಮೊಮ್ಮಕ್ಕಳ ಜೊತೆಗೇ ನೋಡಿಕೊಂಡವರು ಅವರು. ನನ್ನ ಮಕ್ಕಳೂ ಅವರನ್ನು ‘ಓಮಾ’ (ಜರ್ಮನ್ನಿನಲ್ಲಿ ಅಜ್ಜಿ) ಎಂದೇ ಕರೆಯುತ್ತಿದ್ದರು. ಯುಕ್ರೇನಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ತಾಯಿಯೊಂದಿಗೆ ಇಲ್ಲಿಗೆ ಬಂದವರು ಎಂಬುದನ್ನು ಬಿಟ್ಟರೆ ತಮ್ಮ ಬಾಲ್ಯದ ಬಗ್ಗೆ ಅವರು ಏನನ್ನೂ ಹೇಳುತ್ತಿರಲಿಲ್ಲ. ಅವರ ಮಕ್ಕಳು ನೆನಪಿನ ಪುಸ್ತಕವೊಂದನ್ನು ತರುತ್ತಿದ್ದು, ನನ್ನಿಂದಲೂ ಎರಡು ಪುಟ ಕೇಳಿದ್ದಾರೆ. ನನಗೆ ಗೊತ್ತಿರುವುದು ಅವರ ಅಡುಗೆಮನೆ, ಹೊಲಿಗೆ ಮತ್ತು ಭಾನುವಾರದ ಹಾಡು ಮಾತ್ರ. ಇಷ್ಟರಿಂದ ಒಂದು ಬದುಕನ್ನು ಬರೆಯಬಹುದೇ? ಅವರ ಜನ ಯಾರು? ಅವರ ಮೌನಕ್ಕೆ ಕಾರಣವೇನಿದ್ದೀತು?

ಉತ್ತರ: ಖಂಡಿತ ಬರೆಯಬಹುದು. ಅಡುಗೆಮನೆ, ಹೊಲಿಗೆ, ಹಾಡು ಎಂದು ನೀವು ಹಿಂಜರಿಕೆಯಿಂದ ಹೇಳಿರುವ ಮೂರೂ ಅವರ ಭಕ್ತಿ ಬದುಕಾಗಿ ನಡೆದ ಜಾಗಗಳು. ಇದು ಹೇಗೆಂದು ತಿಳಿಯಬೇಕಾದರೆ ಅವರ ಜನ ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವು ತರುಣರು, ಹಸುಗೂಸಾಗಿದ್ದಾಗ ಪಡೆದ ದೀಕ್ಷಾಸ್ನಾನ ತಮಗೆ ಸಲ್ಲದೆಂದು ನಿರ್ಧರಿಸಿ, ತಿಳಿದು ನಂಬಿದವರಾಗಿ ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಹುಟ್ಟಿನಿಂದಲೇ ಸಭೆಗೂ (ಅಂದರೆ ಚರ್ಚಿಗೂ) ಪ್ರಭುತ್ವಕ್ಕೂ ಸೇರಿದವರು ಎಂಬ ವ್ಯವಸ್ಥೆ ಇದ್ದ ಕಾಲದಲ್ಲಿ ಇದು ರಾಜದ್ರೋಹವಾಗಿ ಕಂಡಿತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜನನ್ನು 1527ರ ಜನವರಿಯಲ್ಲಿ ಅದೇ ನಗರದ ಲಿಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೆದರ್‌ಲೆಂಡ್ಸಿನ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಮೆನ್ನೊ ಸೈಮನ್ಸ್ 1536ರಲ್ಲಿ ಆ ಹುದ್ದೆಯನ್ನು ತೊರೆದು, ಚದುರಿಹೋಗಿದ್ದ ಈ ಜನರನ್ನು ಕೂಡಿಸಿ ನಡೆಸಿದ್ದರಿಂದ ಅವನ ಹೆಸರೇ ಪಂಥಕ್ಕೆ ಬಂದಿತು. ಆಯುಧ ಹಿಡಿಯಬಾರದು, ಆಣೆ ಇಡಬಾರದು, ವೈರಿಯನ್ನೂ ಪ್ರೀತಿಸಬೇಕು ಎಂಬ, ಯೇಸುವಿನ ಪರ್ವತ ಪ್ರಸಂಗದ ಮಾತುಗಳನ್ನು ದಿನದ ನಡೆಗೆ ತರಬೇಕೆಂಬುದು ಇವರ ಹಟ. ಕುದುರೆ ಗಾಡಿಯಲ್ಲೇ ಓಡಾಡುವ ಆಮಿಶ್ ಪಂಥದವರು 1693ರ ಸುಮಾರಿಗೆ ಇವರಿಂದಲೇ ಕವಲೊಡೆದವರು. ಮೆನ್ನೊನೈಟರಲ್ಲಿ ಬಹುಪಾಲು ಜನ ಉಡುಗೆಯಲ್ಲಾಗಲಿ ವಾಹನದಲ್ಲಾಗಲಿ ನೆರೆಯವರಿಗಿಂತ ಬೇರೆಯಾಗಿ ಕಾಣುವುದಿಲ್ಲ.

ತಾಯಂದಿರ ಮಾತು ಈ ಪರಂಪರೆಯಲ್ಲಿ ಮೊದಲಿನಿಂದಲೂ ಇದೆ. 1660ರಲ್ಲಿ ಡಚ್ ಭಾಷೆಯಲ್ಲಿ ಅಚ್ಚಾದ, ಇವರ ಹುತಾತ್ಮರ ಕಥನಗಳ ದೊಡ್ಡ ಸಂಪುಟದಲ್ಲಿ ಹೆಸರಿರುವವರ ಪೈಕಿ ಸುಮಾರು ಮೂರರಲ್ಲಿ ಒಂದು ಪಾಲು ಹೆಂಗಸರು. 1539ರಲ್ಲಿ ರೋಟರ್‌ಡ್ಯಾಮಿನಲ್ಲಿ ಕೊಲೆಗೆ ಕರೆದೊಯ್ಯುತ್ತಿದ್ದ ದಾರಿಯಲ್ಲಿ ಆನಾ ಯಾನ್ಸ್ ಎಂಬವಳು ತನ್ನ ಹದಿನೈದು ತಿಂಗಳ ಮಗನನ್ನು ಸಾಕಿಕೊಳ್ಳುವಿರಾ ಎಂದು ನೆರೆದ ಜನರನ್ನು ಕೇಳಿದಳು. ರೊಟ್ಟಿ ಸುಡುವ ಬಡವನೊಬ್ಬ ಕೂಸನ್ನು ಎತ್ತಿಕೊಂಡ. ಮಗ ದೊಡ್ಡವನಾದಾಗ ಓದಲೆಂದು ಅವಳು ಬರೆದಿಟ್ಟ ಪತ್ರ ಇಂದಿಗೂ ಉಳಿದಿದೆ. ಆಂಟ್ವರ್ಪಿನಲ್ಲಿ 1573ರಲ್ಲಿ ಸುಡಲ್ಪಟ್ಟ ಮೇಕೆನ್ ವೆನ್ಸ್ ಎಂಬ ತಾಯಿಯೂ ಸೆರೆಮನೆಯಿಂದ ತನ್ನ ಹಿರಿಯ ಮಗನಿಗೆ ಬರೆದಿದ್ದಳು. ನಿಮ್ಮ ಓಮಾ ಈ ಕಥೆಗಳನ್ನು ಕೇಳುತ್ತಲೇ ಬೆಳೆದಿರುವ ಸಂಭವ ಹೆಚ್ಚು.

ಅವರು ಯುಕ್ರೇನಿನಲ್ಲಿ ಹುಟ್ಟಿದ್ದು ಹೇಗೆ ಎಂಬುದಕ್ಕೆ ಬರೋಣ. ಕಿರುಕುಳದಿಂದ ಪಾರಾಗಲು ಡಚ್ ಮೆನ್ನೊನೈಟರು ವಿಸ್ಟುಲಾ ನದಿಯ ಮುಖಜಭೂಮಿಗೆ, ಅಂದರೆ ಈಗಿನ ಪೋಲೆಂಡಿನ ಗ್ಡಾನ್ಸ್ಕ್ ಸುತ್ತಿನ ಜೌಗು ನೆಲಕ್ಕೆ, ವಲಸೆ ಹೋದರು. ವಿದೇಶಿ ರೈತರು ಬಂದು ನೆಲೆಸಲೆಂದು ರಷ್ಯಾದ ರಾಣಿ ಕ್ಯಾಥರೀನ್ 1763ರಲ್ಲಿ ಕೊಟ್ಟ ಆಹ್ವಾನವನ್ನು ಒಪ್ಪಿ ಅಲ್ಲಿಂದ ಹೊರಟವರು 1789ರಲ್ಲಿ ದ್ನೀಪರ್ ನದಿಯ ದಡದಲ್ಲಿ ಖೋರ್ಟಿತ್ಸಾ ವಸಾಹತನ್ನೂ 1804ರಲ್ಲಿ ಮೊಲೊಚ್ನಾ ವಸಾಹತನ್ನೂ ಕಟ್ಟಿದರು. ಮನೆಯಲ್ಲಿ ಪ್ಲೌಟ್‌ಡೀಚ್ ಎಂಬ ತಗ್ಗುಸೀಮೆಯ ಜರ್ಮನ್, ಸಭೆಯಲ್ಲಿ ಶಿಷ್ಟ ಜರ್ಮನ್. 1874ರಲ್ಲಿ ರಷ್ಯಾ ಸೈನ್ಯಸೇವೆಯನ್ನು ಕಡ್ಡಾಯ ಮಾಡಿದಾಗ ಸುಮಾರು 18,000 ಮಂದಿ ಅಮೆರಿಕದ ಕಾನ್ಸಸ್ ಮೊದಲಾದ ಕಡೆಗಳಿಗೂ ಕೆನಡಾದ ಮ್ಯಾನಿಟೋಬಾಕ್ಕೂ ಹೊರಟುಹೋದರು. ನಿಮ್ಮ ಓಮಾ ಅವರ ಹಿರಿಯರು ಅಲ್ಲಿಯೇ ಉಳಿದವರು. 1917ರ ಕ್ರಾಂತಿ, ಅಂತರ್ಯುದ್ಧದ ಲೂಟಿ, 1921-22ರ ಕ್ಷಾಮ ಇವೆಲ್ಲ ಉಳಿದವರ ಪಾಲಿಗೆ ಬಂದವು. ಇಂಥ ಸಂಕಟದಲ್ಲಿ ಸಿಲುಕಿದವರಿಗೆ ನೆರವಾಗಲೆಂದು ಅಮೆರಿಕದ ಮೆನ್ನೊನೈಟರು 1920ರಲ್ಲಿ ಕಟ್ಟಿದ ಮೆನ್ನೊನೈಟ್ ಸೆಂಟ್ರಲ್ ಕಮಿಟಿಯ ಗಂಜಿಕೇಂದ್ರಗಳಲ್ಲಿ, ಕೆಲಸ ಜೋರಾಗಿದ್ದಾಗ, ದಿನಕ್ಕೆ ಸುಮಾರು 25,000 ಜನ ಉಣ್ಣುತ್ತಿದ್ದರು. 1923ರಿಂದ 1930ರ ನಡುವೆ ಸುಮಾರು 20,000 ಮಂದಿ ಕೆನಡಾಕ್ಕೆ ಬಂದರು. ಅವರಲ್ಲಿ ಅನೇಕರಿಗೆ ಪ್ರಯಾಣದ ಖರ್ಚನ್ನು ಕೆನಡಿಯನ್ ಪೆಸಿಫಿಕ್ ರೈಲ್ವೆ ಸಾಲವಾಗಿ ಕೊಟ್ಟಿತ್ತು. ಆ ಸಾಲದ ದೊಡ್ಡ ಪಾಲನ್ನು ತೀರಿಸಿದ್ದು ವಿನ್ನಿಪೆಗ್ಗಿನಂಥ ನಗರಗಳ ಸಿರಿವಂತರ ಮನೆಗಳಲ್ಲಿ ಕೆಲಸಕ್ಕೆ ನಿಂತ ಹದಿಹರೆಯದ ಹುಡುಗಿಯರ ಸಂಬಳ. ನಿಮ್ಮ ಊರಿನಲ್ಲಿ ಈ ಹುಡುಗಿಯರಿಗಾಗಿಯೇ ಸಭೆಗಳು ನಡೆಸುತ್ತಿದ್ದ ಎರಡು ಆಶ್ರಯಮನೆಗಳಿದ್ದವು. ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ಅವರು ಅಲ್ಲಿ ಕೂಡಿ ಹಾಡುತ್ತಿದ್ದರು. ಮೆನ್ನೊನೈಟ್ ಇತಿಹಾಸವನ್ನು ಬರೆದವರು ಬೋಧಕರ ಹೆಸರುಗಳನ್ನು ನೆನಪಿಟ್ಟಷ್ಟು ಈ ಹುಡುಗಿಯರ ಹೆಸರುಗಳನ್ನು ನೆನಪಿಡಲಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ನಿಮ್ಮ ಓಮಾ ಹುಟ್ಟಿದ್ದು 1930ರ ದಶಕದ ಮೊದಲ ಭಾಗದಲ್ಲಿ. ಆಗ ಹೊಲಗಳು ಸಾಮೂಹಿಕ ಕೃಷಿಗೆ ಸೇರಿಹೋಗಿದ್ದವು, ಪ್ರಾರ್ಥನಾ ಮಂದಿರಗಳಿಗೆ ಬೀಗ ಬಿದ್ದಿತ್ತು, 1932-33ರ ಕ್ಷಾಮ ಮನೆಮನೆಯನ್ನೂ ತಟ್ಟಿತ್ತು. 1937-38ರಲ್ಲಿ ರಾತ್ರಿ ಹೊತ್ತು ವಾಹನ ಬಂದು ಗಂಡಸರನ್ನು ಕರೆದೊಯ್ದರೆ ಅವರಲ್ಲಿ ಹೆಚ್ಚಿನವರು ಮರಳಲಿಲ್ಲ. 1941ರಲ್ಲಿ ಜರ್ಮನ್ ಸೈನ್ಯ ಬರುವ ಮೊದಲು ಇನ್ನಷ್ಟು ಮಂದಿಯನ್ನು ಪೂರ್ವಕ್ಕೆ ಸಾಗಿಸಲಾಯಿತು. 1943ರಲ್ಲಿ ಆ ಸೈನ್ಯ ಹಿಂದೆ ಸರಿದಾಗ ಸುಮಾರು 35,000 ಮೆನ್ನೊನೈಟರು, ಬಹುತೇಕ ಹೆಂಗಸರು, ಮಕ್ಕಳು ಮತ್ತು ಮುದುಕರು, ಗಾಡಿಗಳಲ್ಲೂ ರೈಲುಗಳಲ್ಲೂ ಪಶ್ಚಿಮಕ್ಕೆ ಹೊರಟರು. ಅವರಲ್ಲಿ ಮೂರರಲ್ಲಿ ಎರಡರಷ್ಟು ಜನರನ್ನು ಸೋವಿಯತ್ ಅಧಿಕಾರಿಗಳು ಹಿಡಿದು ಮರಳಿ ಕಳುಹಿಸಿದರು. ಪಾರಾಗಿ ಉಳಿದ ಸುಮಾರು 12,000 ಮಂದಿಯನ್ನು ಸೆಂಟ್ರಲ್ ಕಮಿಟಿಯ ಪೀಟರ್ ಡಿಕ್ ಮತ್ತು ಎಲ್ಫ್ರೀಡಾ ಡಿಕ್ ದಂಪತಿಗಳಂಥವರು ಜರ್ಮನಿಯ ಶಿಬಿರಗಳಲ್ಲಿ ಸಲಹಿದರು. 1947ರ ಫೆಬ್ರವರಿಯಲ್ಲಿ ‘ವೊಲೆಂಡಾಮ್’ ಎಂಬ ಹಡಗು ಸುಮಾರು 2,300 ಮಂದಿಯನ್ನು ಹೊತ್ತು ಪರಗ್ವೇ ಕಡೆಗೆ ಹೊರಟಿತು. ಕೆನಡಾದಲ್ಲಿ ಬಂಧುಗಳಿದ್ದವರು ಕ್ರಮೇಣ ಅಲ್ಲಿಗೆ ಬಂದರು. ತಾಯಿಯ ಜೊತೆ ಬಂದರೆಂದು ನೀವು ಬರೆದಿದ್ದೀರಿ, ತಂದೆಯ ಮಾತೇ ಇಲ್ಲ. ಹಾಗೆ ಬಂದ ಅಸಂಖ್ಯಾತ ಮನೆಗಳಲ್ಲಿ ತಂದೆ ಸತ್ತನೋ ಬದುಕಿದ್ದಾನೋ ಎಂಬುದೇ ವರ್ಷಗಟ್ಟಲೆ ತಿಳಿಯದೆ, ತಾಯಿ ಹೆಂಡತಿಯೋ ವಿಧವೆಯೋ ಎಂದು ಯಾರೂ ಹೇಳಲಾಗದ ಸ್ಥಿತಿಯಲ್ಲಿ ಮಕ್ಕಳು ಬೆಳೆದರು. ಎಂಟು ಹತ್ತು ವರ್ಷದ ಹುಡುಗಿಯೊಬ್ಬಳು ಇದನ್ನೆಲ್ಲ ಕಂಡು ಬಂದ ಮೇಲೆ ಮಾತಿಗೆ ತರದಿದ್ದರೆ, ಅದನ್ನು ಮರೆವೆಂದೋ ಬಿಗುಮಾನವೆಂದೋ ತಿಳಿಯಬಾರದು.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ಹೇಳಬೇಕಾಗಿದೆ. 1941ರಿಂದ 1943ರವರೆಗಿನ ಆಕ್ರಮಣದ ಕಾಲದಲ್ಲಿ ಜರ್ಮನ್ ಮೂಲದವರೆಂಬ ಕಾರಣಕ್ಕೆ ಮೆನ್ನೊನೈಟರಿಗೆ ಸವಲತ್ತುಗಳು ಸಿಕ್ಕವು, ಪ್ರಾರ್ಥನಾ ಮಂದಿರಗಳು ಮತ್ತೆ ತೆರೆದವು. ಅದೇ ಹೊತ್ತಿನಲ್ಲಿ ಅದೇ ಸೀಮೆಯ ಯೆಹೂದ್ಯರನ್ನು ಕೊಲ್ಲಲಾಯಿತು, ಮತ್ತು ಕೆಲವು ಮೆನ್ನೊನೈಟ್ ಗಂಡಸರು ಆ ಆಡಳಿತದ ಕೈಯಾಗಿ ದುಡಿದರು. ಮಗುವಾಗಿದ್ದ ನಿಮ್ಮ ಓಮಾ ಅವರಿಗೆ ಇದರ ಹೊಣೆಯಿಲ್ಲ. ಆದರೂ ಅವರ ಬಾಲ್ಯವನ್ನು ಬರೆಯುವಾಗ ಆ ನೆಲದಲ್ಲಿ ನೋವುಂಡವರು ಮೆನ್ನೊನೈಟರು ಮಾತ್ರ ಎಂಬಂತೆ ಬರೆಯದಿರಿ. ಆ ವರ್ಷಗಳ ಬಗ್ಗೆ ಕುಟುಂಬದವರು ಬರೆಯಲು ಬಯಸಿದರೆ ಅವರೇ ಬರೆಯಲಿ, ನಿಮ್ಮ ಎರಡು ಪುಟಗಳಿಗೆ ಅದು ಬೇಕಿಲ್ಲ.

ನಿಮ್ಮ ಪುಟಗಳಿಗೆ ಬೇಕಾದದ್ದು ಅಡುಗೆಮನೆ. ಶನಿವಾರ ಅವರು ಸುಡುತ್ತಿದ್ದ ಜೋಡಿ ಬನ್ನು ನಿಮ್ಮ ಮಕ್ಕಳಿಗೆ ಖಂಡಿತ ನೆನಪಿರುತ್ತದೆ. ಜ್ವೀಬಾಕ್ ಎಂಬ ಅದನ್ನು ಮಾಡುವಾಗ ಹಾಲು, ಬೆಣ್ಣೆ, ಈಸ್ಟ್ ಹಾಕಿ ನಾದಿ ಉಬ್ಬಿಸಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ಉಂಡೆ ಮಾಡಿ ತಟ್ಟೆಯಲ್ಲಿಟ್ಟು, ಅದರ ಮೇಲೆ ಸ್ವಲ್ಪ ಚಿಕ್ಕದಾದ ಇನ್ನೊಂದು ಉಂಡೆಯನ್ನು ಕೂರಿಸಿ, ಬೆರಳನ್ನು ಮೇಲಿನದರ ನಡುವಿನಿಂದ ಕೆಳಗಿನದರ ತಳದವರೆಗೂ ಒತ್ತುತ್ತಾರೆ. ಹಾಗೆ ಒತ್ತದಿದ್ದರೆ ಒಲೆಯ ಕಾವಿಗೆ ಉಬ್ಬಿ ಮೇಲಿನದು ಜಾರಿ ಬೀಳುತ್ತದೆ. ಭಾನುವಾರ ಮಧ್ಯಾಹ್ನ ಇಳಿದ ಮೇಲೆ ‘ಫಾಸ್ಪಾ’ ಎಂಬ ಲಘು ಊಟಕ್ಕೆ ಇದೇ ಬನ್ನು, ಜಾಮು, ಚೀಸು, ಕಾಫಿ. ಕೆಲಸ ಮಾಡಬಾರದ ದಿನ ಯಾರು ಬಂದರೂ ಬಡಿಸಲು ಆಗುವಂತೆ ಹಿಂದಿನ ದಿನವೇ ಮಾಡಿಟ್ಟ ತಿನಿಸು ಅದು. ಇದನ್ನೇ ಮತ್ತೊಮ್ಮೆ ಒಲೆಯಲ್ಲಿ ಒಣಗಿಸಿ, ಗಟ್ಟಿ ಮಾಡಿ, ಚೀಲಗಳಲ್ಲಿ ತುಂಬಿಕೊಂಡು ಈ ಜನ ವಲಸೆ ಹೊರಡುತ್ತಿದ್ದರು. ಅಜ್ಜಿಯ ಕೈಯಳತೆ ಬರಹದಲ್ಲಿ ಇಲ್ಲದಿದ್ದರೆ ಅವರ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಕೂರಿಸಿಕೊಂಡು ಈಗಲೇ ಬರೆದಿಡಿ.

ಇನ್ನು ಹೊಲಿಗೆ. ನೀವು ಕಂಡದ್ದು ಬಹುಶಃ ನಮ್ಮ ಕೌದಿಯಂಥ ದಪ್ಪ ಹೊದಿಕೆ. ಬಟ್ಟೆ ತುಂಡುಗಳನ್ನು ಜೋಡಿಸಿದ ಮೇಲುಹಾಸು, ನಡುವೆ ಹತ್ತಿಯ ಪದರ, ಕೆಳಗೊಂದು ಅಖಂಡ ಬಟ್ಟೆ. ಮೂರನ್ನೂ ಮರದ ಚೌಕಟ್ಟಿಗೆ ಬಿಗಿದು, ಸುತ್ತ ಕುಳಿತ ಹೆಂಗಸರು ದಪ್ಪ ಸೂಜಿಯಿಂದ ದಾರವನ್ನು ಕೆಳಗಿಳಿಸಿ ಮೇಲೆತ್ತಿ, ನಾಲ್ಕೈದು ಅಂಗುಲಕ್ಕೊಂದರಂತೆ ಗಂಟು ಹಾಕುತ್ತಾ ಹೋಗುತ್ತಾರೆ. ಸುಮಾರು 60 ಅಂಗುಲ ಅಗಲ, 80 ಅಂಗುಲ ಉದ್ದದ ಈ ಹೊದಿಕೆಗಳು ಸೆಂಟ್ರಲ್ ಕಮಿಟಿಯ ಮೂಲಕ ಯುದ್ಧದಿಂದಲೋ ಪ್ರವಾಹದಿಂದಲೋ ಮನೆ ಕಳೆದುಕೊಂಡವರಿಗೆ ಹೋಗುತ್ತವೆ. ಯುದ್ಧ ಮುಗಿದಾಗ ಜರ್ಮನಿಯ ನಿರಾಶ್ರಿತರ ಶಿಬಿರಗಳಿಗೂ ಇಂಥ ಹೊದಿಕೆ, ಬಟ್ಟೆ, ಡಬ್ಬಿ ಮಾಂಸ ‘ಕ್ರಿಸ್ತನ ಹೆಸರಿನಲ್ಲಿ’ ಎಂಬ ಚೀಟಿ ಹೊತ್ತು ಬರುತ್ತಿದ್ದವು. ಓಮಾ ಅಂಥ ಶಿಬಿರವೊಂದರಲ್ಲಿ ಇದ್ದರೇ, ಅಲ್ಲಿ ಅವರಿಗೆ ಹೊದಿಕೆ ಸಿಕ್ಕಿತ್ತೇ ಎಂದು ಅವರ ಮಕ್ಕಳನ್ನು ಕೇಳಿ. ಹೌದೆಂದಾದರೆ, ಅವರು ಜೀವಮಾನವಿಡೀ ಗಂಟು ಹಾಕಿದ್ದರ ಅರ್ಥವನ್ನು ನೀವು ವಿವರಿಸಬೇಕಾಗಿಯೇ ಇಲ್ಲ, ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಕು.

ಹಾಡಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನಾಲ್ಕು ಸ್ವರಶ್ರೇಣಿಗಳಲ್ಲಿ, ಎಷ್ಟೋ ವೇಳೆ ವಾದ್ಯವಿಲ್ಲದೆ, ಇಡೀ ಸಭೆ ಹಾಡುವುದು ಇವರಲ್ಲಿ ರೂಢಿ. ಅಜ್ಜಿಯ ದನಿ ಯಾವ ಶ್ರೇಣಿಯದಾಗಿತ್ತು, ಪಾತ್ರೆ ತೊಳೆಯುವಾಗ ಯಾವ ಹಾಡನ್ನು ಗುನುಗುತ್ತಿದ್ದರು ಎಂಬುದನ್ನು ಬರೆಯಿರಿ.

ಬರೆಯುವ ರೀತಿಗೂ ಅವರ ಸಂಪ್ರದಾಯದಲ್ಲೇ ಮಾದರಿಯಿದೆ. ಶವಸಂಸ್ಕಾರದ ಆರಾಧನೆಯಲ್ಲಿ ಮನೆಯವರು ‘ಲೇಬೆನ್ಸ್‌ಲೌಫ್’ ಎಂಬ ಜೀವನವೃತ್ತಾಂತವನ್ನು ಓದುತ್ತಾರೆ. ಹುಟ್ಟಿದ ಹಳ್ಳಿ, ತಂದೆತಾಯಿ, ವಲಸೆ, ಯಾವ ವಯಸ್ಸಿನಲ್ಲಿ ನಂಬಿಕೆಯನ್ನು ಒಪ್ಪಿ ದೀಕ್ಷಾಸ್ನಾನ ಪಡೆದರು, ಮದುವೆ, ಮಕ್ಕಳು, ತೀರಿಹೋದ ಕೂಸುಗಳು, ಕೊನೆಯ ಕಾಯಿಲೆ, ಉಳಿದ ಮೊಮ್ಮಕ್ಕಳು ಮರಿಮಕ್ಕಳ ಸಂಖ್ಯೆ, ಎಲ್ಲವೂ ಅಲಂಕಾರವಿಲ್ಲದೆ ಬರುತ್ತವೆ. ಸತ್ತವರನ್ನು ಅತಿಯಾಗಿ ಹೊಗಳಿದರೆ ದೇವರಿಗೆ ಸಲ್ಲಬೇಕಾದದ್ದನ್ನು ಮನುಷ್ಯರಿಗೆ ಕೊಟ್ಟಂತೆ ಎಂಬ ಅಳುಕು ಅದರ ಹಿಂದಿದೆ. ಆದ್ದರಿಂದ ತ್ಯಾಗಮಯಿ, ಕರುಣಾಮೂರ್ತಿ, ಮಾತೃಹೃದಯಿ ಎಂಬ ನಮ್ಮ ಶ್ರದ್ಧಾಂಜಲಿಗಳ ಸಿದ್ಧಪದಗಳನ್ನು ಬಿಟ್ಟುಬಿಡಿ. ನಿಮ್ಮ ರಾತ್ರಿ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತಿತ್ತು, ನೀವು ಬಾಗಿಲು ತಟ್ಟಿದಾಗ ಮಕ್ಕಳು ಎಲ್ಲಿ ಮಲಗಿರುತ್ತಿದ್ದರು, ಓಮಾ ನಿಮಗೆ ತಿನ್ನಲು ಏನು ಕೊಡುತ್ತಿದ್ದರು, ಹಣ ಕೊಡಲು ಹೋದಾಗ ಏನೆಂದರು ಎಂಬುದನ್ನು ಬರೆಯಿರಿ. ಮನೆಯವರಲ್ಲಿ ಯಾರಿಗೂ ಗೊತ್ತಿಲ್ಲದ, ನಿಮಗಷ್ಟೇ ಗೊತ್ತಿರುವ ಸಂಗತಿಗಳವು, ಅದಕ್ಕಾಗಿಯೇ ಅವರು ನಿಮ್ಮನ್ನು ಕೇಳಿರುವುದು.

ಪ್ರಶ್ನೆ (ಧಾರವಾಡದಿಂದ): ಮೆನ್ನೊನೈಟ್ ಸಭೆಗಳಲ್ಲಿ ಹೆಂಗಸರಿಗೆ ಬೋಧಿಸುವ ಅಧಿಕಾರ ಇರಲಿಲ್ಲವೆಂದು ಓದಿದ್ದೇನೆ. ಹಾಗಿದ್ದರೆ ಅಡುಗೆ, ಹೊಲಿಗೆಗಳನ್ನು ಭಕ್ತಿಯೆಂದು ಕೊಂಡಾಡುವುದು ಅವರನ್ನು ಅಲ್ಲಿಯೇ ಇರಿಸಿದ್ದನ್ನು ಸಮರ್ಥಿಸಿದಂತೆ ಆಗುವುದಿಲ್ಲವೇ?

ಉತ್ತರ: ಪ್ರಶ್ನೆ ಸರಿಯಾಗಿದೆ, ಮತ್ತು ಇದನ್ನು ಮೆನ್ನೊನೈಟ್ ಹೆಂಗಸರೇ ಮೊದಲು ಕೇಳಿದ್ದಾರೆ. ಉತ್ತರ ಅಮೆರಿಕದಲ್ಲಿ ಬೋಧಕಿಯಾಗಿ ಅಭಿಷೇಕ ಪಡೆದ ಮೊದಲ ಮೆನ್ನೊನೈಟ್ ಮಹಿಳೆ ಆನ್ ಆಲ್ಬಾಕ್. ಅದು 1911ರಲ್ಲಿ, ಫಿಲಡೆಲ್ಫಿಯಾದಲ್ಲಿ. ಆಮೇಲೆ ದಶಕಗಳ ಕಾಲ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಇಂದು ಅನೇಕ ಸಭೆಗಳಲ್ಲಿ ಮಹಿಳಾ ಪಾಸ್ಟರುಗಳಿದ್ದಾರೆ, ಸಂಪ್ರದಾಯಸ್ಥ ಗುಂಪುಗಳಲ್ಲಿ ಇಲ್ಲ. ಗಂಡಸರಿಲ್ಲದೆ ಯುರೋಪನ್ನು ದಾಟಿ, ಪರಗ್ವೇಯ ಚಾಕೊ ಬಯಲಿನಲ್ಲಿ ಮುಳ್ಳುಕಾಡು ಕಡಿದು ಮನೆ ಕಟ್ಟಿದ ತಾಯಂದಿರಿಗೆ ಸಭೆಯ ತೀರ್ಮಾನಗಳಲ್ಲಿ ಮಾತ್ರ ದನಿಯಿರಲಿಲ್ಲವೆಂಬುದು ಆ ಸಮುದಾಯ ಅವರಿಗೆ ಮಾಡಿದ ಅನ್ಯಾಯವೇ ಸರಿ.

ಆದರೆ ಹೊಲಿಗೆಯ ಕೂಟಗಳು ಕೇವಲ ಹೊಲಿಗೆಯವಾಗಿರಲಿಲ್ಲ. ಹಣ ಕೂಡಿಸುವುದು, ಯಾರಿಗೆ ಕಳುಹಿಸಬೇಕೆಂದು ತೀರ್ಮಾನಿಸುವುದು, ಲೆಕ್ಕವಿಡುವುದು, ದೂರದ ಮಿಷನರಿಗಳೊಂದಿಗೆ ಪತ್ರವ್ಯವಹಾರ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಚೆದುರಿದ್ದ ಈ ಕೂಟಗಳನ್ನು ಕ್ಲಾರಾ ಈಬಿ ಸ್ಟೈನರ್ ಅಮೆರಿಕದಲ್ಲಿ ಒಂದು ಸಂಘವಾಗಿ ಕಟ್ಟಿದಾಗ, ಗಂಡಸರ ಮಿಷನ್ ಮಂಡಳಿ ಕೆಲವೇ ವರ್ಷಗಳಲ್ಲಿ ಅದನ್ನು ತನ್ನ ಅಧೀನಕ್ಕೆ ತೆಗೆದುಕೊಂಡಿತು. ಕೆಲಸಕ್ಕೆ ಬೆಲೆಯಿರಲಿಲ್ಲವಾಗಿದ್ದರೆ ಅದನ್ನು ವಶಪಡಿಸಿಕೊಳ್ಳುವ ಆತುರ ಯಾಕೆ ಬರುತ್ತಿತ್ತು? ಆದ್ದರಿಂದ ಅಜ್ಜಿಯ ಸೂಜಿಯನ್ನೂ ಬರೆಯಬೇಕು, ಅವಳಿಗೆ ಕೊಡದ ಪೀಠವನ್ನೂ ಬರೆಯಬೇಕು. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಪ್ರಶ್ನೆ (ರಾಯಚೂರಿನಿಂದ): ನನ್ನ ಅಜ್ಜಿಯ ತವರು ತೆಲಂಗಾಣದ ಮಹಬೂಬ್‌ನಗರ ಸೀಮೆ. ಅವರು ಅಲ್ಲಿನ ಮೆನ್ನೊನೈಟ್ ಬ್ರದರನ್ (ಮೆನ್ನೊನೈಟರದೇ ಒಂದು ಶಾಖೆ) ಸಭೆಗೆ ಸೇರಿದವರು, ಬೈಬಲ್ ಸ್ತ್ರೀಯಾಗಿ, ಅಂದರೆ ಬೈಬಲ್ ಓದಿ ಹೇಳುವ ಕೆಲಸದವರಾಗಿ, ಹಳ್ಳಿ ಹಳ್ಳಿ ತಿರುಗಿದವರು. ಕೆನಡಾದ ಓಮಾ ಅವರ ಸಭೆಗೂ ಇದಕ್ಕೂ ಸಂಬಂಧವಿದೆಯೇ? ಅಜ್ಜಿಯ ಜೀವನವನ್ನು ಬರೆಯಲು ದಾಖಲೆಗಳು ಎಲ್ಲಿ ಸಿಕ್ಕಾವು?

ಉತ್ತರ: ಸಂಬಂಧವಿದೆ, ಅದೂ ನೇರವಾದದ್ದು. ಯುಕ್ರೇನಿನ ಅದೇ ವಸಾಹತುಗಳ ಜಗತ್ತಿನಿಂದ ಅಬ್ರಹಾಂ ಫ್ರೀಸನ್ ಮತ್ತು ಮರಿಯಾ ಫ್ರೀಸನ್ ದಂಪತಿಗಳು 1889ರಲ್ಲಿ ಹೊರಟು, ಅಮೆರಿಕನ್ ಬ್ಯಾಪ್ಟಿಸ್ಟರ ತೆಲುಗು ಮಿಷನ್ನಿನ ಜೊತೆಗೂಡಿ, ನಿಜಾಮರ ಸಂಸ್ಥಾನದ ನಲ್ಗೊಂಡದಲ್ಲಿ ಕೆಲಸ ಶುರುಮಾಡಿದರು. ಅಮೆರಿಕದ ಮೆನ್ನೊನೈಟ್ ಬ್ರದರನ್ನರು 1899ರಲ್ಲಿ ಬಂದರು. ಅದೇ ವರ್ಷ ಮತ್ತೊಂದು ಮೆನ್ನೊನೈಟ್ ಮಿಷನ್ ಕ್ಷಾಮಪೀಡಿತವಾಗಿದ್ದ ಈಗಿನ ಛತ್ತೀಸ್‌ಗಢದ ಧಮ್ತರಿಯಲ್ಲಿ ನೆಲೆಯೂರಿತು. ಮೊಲೊಚ್ನಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿದ್ದ ವೈದ್ಯೆ ಕ್ಯಾಥರೀನಾ ಶೆಲೆನ್‌ಬರ್ಗ್ 1907ರಲ್ಲಿ ತೆಲುಗು ನಾಡಿಗೆ ಬಂದು 1945ರಲ್ಲಿ ಇಲ್ಲಿಯೇ ತೀರಿಕೊಂಡರು. ನಮ್ಮ ಕಡೆಯವರಿಗೆ ಪರಿಚಿತವಾದ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನೊಂದಿಗೆ ಇದನ್ನು ಬೆರೆಸಬಾರದು. ಅವರದು ಶಿಶುಗಳಿಗೂ ದೀಕ್ಷಾಸ್ನಾನ ಕೊಡುವ ಬೇರೆ ಪರಂಪರೆ. ಇಂದು ಪ್ರಪಂಚದಲ್ಲಿರುವ ಸುಮಾರು 21 ಲಕ್ಷ ಮೆನ್ನೊನೈಟ್ ಮತ್ತು ಸೋದರ ಪಂಥಗಳ ಸದಸ್ಯರಲ್ಲಿ ಹೆಚ್ಚಿನವರು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳವರು. ನಿಮ್ಮ ಅಜ್ಜಿ ಯಾವ ಅರ್ಥದಲ್ಲೂ ಓಮಾ ಅವರಿಗಿಂತ ಕಡಿಮೆ ಮೆನ್ನೊನೈಟರಲ್ಲ.

ದಾಖಲೆಗಳ ವಿಷಯ: ಮಿಷನರಿಗಳ ವರದಿ, ಪತ್ರ, ಛಾಯಾಚಿತ್ರಗಳ ಸಂಗ್ರಹಗಳಿಗಾಗಿ ಅಮೆರಿಕದ ಫ್ರೆಸ್ನೊ ಮತ್ತು ಕೆನಡಾದ ವಿನ್ನಿಪೆಗ್ ನಗರಗಳಲ್ಲಿರುವ ಮೆನ್ನೊನೈಟ್ ಬ್ರದರನ್ ಅಧ್ಯಯನ ಕೇಂದ್ರಗಳಿಗೆ ಬರೆದು ಕೇಳಬಹುದು. ಆದರೆ ಮಿಷನರಿಗಳ ಬರಹಗಳಲ್ಲಿ ಬೈಬಲ್ ಸ್ತ್ರೀಯರು ಅನೇಕ ವೇಳೆ ಹೆಸರಿಲ್ಲದೆ, ಬರೀ ಸಂಖ್ಯೆಯಾಗಿ ಬರುತ್ತಾರೆ. ಆದ್ದರಿಂದ ಮೊದಲು ಅಜ್ಜಿಯ ಊರಿನ ಸಭೆಗೆ ಹೋಗಿ ದೀಕ್ಷಾಸ್ನಾನದ ಮತ್ತು ಮದುವೆಯ ರಿಜಿಸ್ಟರುಗಳನ್ನು ನೋಡಲು ಅನುಮತಿ ಕೇಳಿ. ಅವರ ಜೊತೆ ತಿರುಗಿದವರು ಯಾರಾದರೂ ಇದ್ದರೆ, ಅವರು ಹಳ್ಳಿಗಳಲ್ಲಿ ಹಾಡುತ್ತಿದ್ದ ತೆಲುಗು ಕೀರ್ತನೆಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನಡೆದ ಹಳ್ಳಿಗಳ ಹೆಸರು, ಸಿಗುತ್ತಿದ್ದ ಸಂಬಳ, ಅವರು ಹೊರಗೆ ಹೋದಾಗ ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದನ್ನು ಕೇಳಿ ಬರೆದುಕೊಳ್ಳಿ. ಹಳೆಯ ಗುಂಪು ಛಾಯಾಚಿತ್ರ ಸಿಕ್ಕರೆ ನಿಂತವರ ಹೆಸರುಗಳನ್ನು ಗೊತ್ತಿರುವವರಿಂದ ಕೇಳಿ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಅದರ ಒಂದು ಪ್ರತಿಯನ್ನು ಆ ಕೇಂದ್ರಗಳಿಗೂ ಕಳುಹಿಸಿದರೆ, ಅಲ್ಲಿ ಹೆಸರಿಲ್ಲದೆ ಕುಳಿತಿರುವ ಚಿತ್ರಗಳಿಗೂ ಗುರುತು ಸಿಕ್ಕೀತು.